ಬೆರಳ ತುದಿಗೆ ಬಣ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ದೃಷ್ಟಿ ಇಲ್ಲದವರಿಗೆ ಬಣ್ಣವನ್ನು ಸ್ಪರ್ಶದ ಮೂಲಕ ತಿಳಿಸುವ ಉಪಕರಣಗಳು ಮತ್ತು ಸಂಕೇತಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಓದುಗರನ್ನು ಕೋರಿದ್ದೆವು. ಬಂದ ಪತ್ರಗಳಲ್ಲಿ ಹಲವು ಒಂದೇ ಸಂದೇಹವನ್ನು ಬೇರೆ ಬೇರೆ ಮಾತುಗಳಲ್ಲಿ ಮುಂದಿಟ್ಟಿದ್ದವು. ಅಂಥವನ್ನು ಒಟ್ಟುಗೂಡಿಸಿ, ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಬಣ್ಣವನ್ನು ಮುಟ್ಟಿ ತಿಳಿಯಬಹುದು ಎಂಬ ಮಾತನ್ನು ಓದಿದಾಗಲೆಲ್ಲ ನನಗೆ ಅನುಮಾನ ಬರುತ್ತದೆ. ಹುಟ್ಟಿನಿಂದಲೇ ಕಣ್ಣು ಕಾಣದವರಿಗೆ ಇಂಥ ಉಪಕರಣದಿಂದ ಕೆಂಪು ಬಣ್ಣದ ಅನುಭವ ನಿಜವಾಗಿಯೂ ಆಗುತ್ತದೆಯೇ, ಅಥವಾ ಇದು ಬರೀ ಪ್ರಚಾರದ ಮಾತೇ?

ಉತ್ತರ: ಕಣ್ಣುಳ್ಳವರು ಕೆಂಪನ್ನು ನೋಡಿದಾಗ ಪಡೆಯುವ ಅನುಭವವನ್ನು ಚರ್ಮದ ಮೂಲಕ ಕೊಡುವ ಉಪಕರಣ ಇಂದು ಯಾವುದೂ ಇಲ್ಲ. ಹಾಗೆ ಹೇಳಿಕೊಂಡು ಮಾರುವವರ ಮಾತನ್ನು ನಂಬಬೇಕಾಗಿಲ್ಲ. ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗದೂರದ ಬೆಳಕು ಅಕ್ಷಿಪಟಲದ ಮೂರು ಬಗೆಯ ಶಂಕುಕೋಶಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಪ್ರಚೋದಿಸುವುದರಿಂದ ನಮಗೆ ಬಣ್ಣ ಕಾಣುತ್ತದೆ. ಚರ್ಮದಲ್ಲಿರುವುದು ಒತ್ತಡ, ಕಂಪನ, ಶಾಖ ಮತ್ತು ನೋವನ್ನು ಗ್ರಹಿಸುವ ನರತುದಿಗಳು ಮಾತ್ರ. ಆದ್ದರಿಂದ ಸ್ಪರ್ಶದ ಉಪಕರಣ ಮಾಡುವ ಕೆಲಸವೆಂದರೆ ಬಣ್ಣದ ಮಾಹಿತಿಯನ್ನು ಚರ್ಮಕ್ಕೆ ಅರ್ಥವಾಗುವ ಬೇರೊಂದು ಗುರುತಿಗೆ ಬದಲಾಯಿಸಿ ದಾಟಿಸುವುದು.

ಹಾಗೆಂದು ದಾಟುವುದು ಬರೀ ಹೆಸರು ಎಂದು ತೀರ್ಮಾನಿಸುವುದೂ ಸರಿಯಲ್ಲ. ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ 17ನೇ ಶತಮಾನದ ಕೊನೆಯಲ್ಲಿ ಒಬ್ಬ ಅಂಧ ವಿದ್ಯಾವಂತನ ಪ್ರಸಂಗವನ್ನು ಬರೆದಿದ್ದಾನೆ. ಕಡುಗೆಂಪು ಎಂದರೇನೆಂದು ತನಗೀಗ ತಿಳಿಯಿತು, ಅದು ಕಹಳೆಯ ದನಿಯ ಹಾಗಿದೆ ಎಂದು ಆತ ಹೇಳಿದನಂತೆ. ಕಣ್ಣಿಲ್ಲದವರ ಬಣ್ಣದ ಅರಿವು ಪೊಳ್ಳು ಎಂಬುದಕ್ಕೆ ಈ ಪ್ರಸಂಗವನ್ನು ಬಹುಕಾಲ ಉದಾಹರಣೆಯಾಗಿ ಕೊಡಲಾಗುತ್ತಿತ್ತು. ಆಮೇಲಿನ ಅಧ್ಯಯನಗಳು ಬೇರೆಯದನ್ನೇ ತೋರಿಸಿವೆ. 1978ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡಿದ್ದ ಕಾಲೇಜು ವಿದ್ಯಾರ್ಥಿಗಳಿಗೆ ಬಣ್ಣಗಳ ಹೆಸರು ಹೇಳಿ, ಯಾವುದು ಯಾವುದಕ್ಕೆ ಹತ್ತಿರ ಎಂದು ಕೇಳಲಾಯಿತು. ಅವರ ಉತ್ತರಗಳನ್ನು ಜೋಡಿಸಿದಾಗ ಕಣ್ಣುಳ್ಳವರ ಬಣ್ಣದ ಚಕ್ರವನ್ನೇ ಹೋಲುವ ಚಕ್ರ ಮೂಡಿತು. ಕೆಂಪಿನ ಪಕ್ಕ ಕಿತ್ತಳೆ, ಅದರ ಪಕ್ಕ ಹಳದಿ ಎಂಬ ಸಂಬಂಧವನ್ನು ಅವರು ಭಾಷೆಯಿಂದಲೇ ಕಲಿತಿದ್ದರು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡವೊಂದು 2021ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯಾರೂ ಕೇಳಿರದ ದ್ವೀಪವೊಂದರಲ್ಲಿ ದೊರೆತ ಒಂದೇ ಜಾತಿಯ ಎರಡು ವಸ್ತುಗಳಿಗೆ ಒಂದೇ ಬಣ್ಣ ಇರುವ ಸಾಧ್ಯತೆ ಎಷ್ಟು ಎಂಬಂಥ ಪ್ರಶ್ನೆಗಳನ್ನು ಅದು ಹುಟ್ಟು ಅಂಧರಿಗೂ ಕಣ್ಣುಳ್ಳವರಿಗೂ ಕೇಳಿತು. ಪ್ರಕೃತಿಸಹಜ ವಸ್ತುಗಳಾದರೆ ಒಂದೇ ಬಣ್ಣ ಇದ್ದೀತು, ಮನುಷ್ಯ ಮಾಡಿದ ವಸ್ತುಗಳಾದರೆ ಬೇರೆ ಬೇರೆ ಇರಬಹುದು, ಆದರೆ ಎಚ್ಚರಿಕೆ ಫಲಕದಂತೆ ಬಣ್ಣಕ್ಕೇ ಒಂದು ಕೆಲಸವಿದ್ದಲ್ಲಿ ಮತ್ತೆ ಒಂದೇ ಇರಬೇಕು ಎಂದು ಎರಡೂ ಗುಂಪಿನವರು ಒಂದೇ ರೀತಿ ತರ್ಕಿಸಿದರು. ವ್ಯತ್ಯಾಸ ಕಂಡದ್ದು ನಿರ್ದಿಷ್ಟ ವಸ್ತುವಿನ ನಿರ್ದಿಷ್ಟ ಬಣ್ಣ ಯಾವುದು ಎಂಬ ಬಿಡಿ ಸಂಗತಿಗಳಲ್ಲಿ.

ಉಪಕರಣದ ಕೆಲಸ ಶುರುವಾಗುವುದು ಇಲ್ಲಿಂದಲೇ. ಬಣ್ಣ ಎಂದರೇನು, ಅದು ಯಾಕಿದೆ ಎಂಬುದು ಕಣ್ಣಿಲ್ಲದವರಿಗೆ ಗೊತ್ತು. ಕೈಯಲ್ಲಿ ಹಿಡಿದಿರುವ ಈ ಬಟ್ಟೆ ಯಾವ ಬಣ್ಣದ್ದು ಎಂಬುದನ್ನು ಮಾತ್ರ ಯಾರನ್ನಾದರೂ ಕೇಳಬೇಕಾಗುತ್ತದೆ. ಉಪಕರಣ ತಪ್ಪಿಸುವುದು ಆ ಕೇಳಬೇಕಾದ ಅಗತ್ಯವನ್ನು.

ಇನ್ನು ಅನುಭವದ ಮಾತು. ಪಾಲ್ ಬಾಖ್-ಇ-ರಿಟಾ ಎಂಬ ಅಮೆರಿಕದ ವಿಜ್ಞಾನಿ ಮತ್ತು ಸಂಗಡಿಗರು 1969ರಲ್ಲಿ ದಂತವೈದ್ಯರ ಹಳೆಯ ಕುರ್ಚಿಯೊಂದರ ಬೆನ್ನಿಗೆ 400 ಸಣ್ಣ ಕಂಪಕಗಳನ್ನು 20 ಅಡ್ಡಸಾಲು, 20 ಕಂಬಸಾಲುಗಳಾಗಿ ಜೋಡಿಸಿ, ಅವುಗಳನ್ನು ಒಂದು ಕ್ಯಾಮೆರಾಕ್ಕೆ ಸಂಪರ್ಕಿಸಿದ ಪ್ರಯೋಗವನ್ನು ಪ್ರಕಟಿಸಿದರು. ಕುರ್ಚಿಯಲ್ಲಿ ಕುಳಿತ ಅಂಧರು ತರಬೇತಿಯ ನಂತರ ವಸ್ತುಗಳನ್ನು ಗುರುತಿಸತೊಡಗಿದರು. ಗಮನಿಸಬೇಕಾದ ಅಂಶ ಬೇರೆ ಇದೆ: ಕ್ಯಾಮೆರಾವನ್ನು ಅವರೇ ತಿರುಗಿಸಲು ಆರಂಭಿಸಿದ ಮೇಲೆ, ಬೆನ್ನಿನ ಮೇಲಿನ ಕಚಗುಳಿ ಹಿಂದೆ ಸರಿದು, ವಸ್ತು ತಮ್ಮ ಎದುರಿಗಿದೆ ಎಂಬ ಭಾವನೆ ಮೂಡತೊಡಗಿತು. ಅದೇ ಪರಂಪರೆಯ, ನಾಲಿಗೆಯ ಮೇಲೆ 400 ವಿದ್ಯುದ್ವಾರಗಳನ್ನಿಡುವ ಬ್ರೈನ್‌ಪೋರ್ಟ್ ಸಾಧನಕ್ಕೆ 2015ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ದೊರೆಯಿತು. ಈ ಎರಡೂ ಸಾಧನಗಳು ದಾಟಿಸಿದ್ದು ಬೆಳಕು ಮತ್ತು ಕತ್ತಲೆಯ ವ್ಯತ್ಯಾಸವನ್ನು, ಬಣ್ಣವನ್ನಲ್ಲ. ಆದರೂ ಅವು ಒಂದು ಆಸೆಗೆ ಆಧಾರ ಕೊಡುತ್ತವೆ: ಬ್ರೈಲ್ ಬಲ್ಲವರು ಚುಕ್ಕಿಗಳನ್ನು ಎಣಿಸದೆ ಪದವನ್ನೇ ಓದುವ ಹಾಗೆ, ಸ್ವತಃ ಕೈಯಾಡಿಸಿ ದೀರ್ಘಕಾಲ ಬಳಸಿದವರಿಗೆ ಬಣ್ಣದ ಸಂಕೇತವೂ ಕ್ರಮೇಣ ಸಂಕೇತವೆಂದು ಅನ್ನಿಸದೇ ಹೋಗಬಹುದು. ಇದಕ್ಕಿಂತ ಹೆಚ್ಚಿನ ಭರವಸೆಯನ್ನು ಯಾರಾದರೂ ಕೊಟ್ಟರೆ ಪುರಾವೆ ಕೇಳಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ವಸ್ತುವಿನ ಬಣ್ಣವನ್ನು ಸೆನ್ಸರ್‌ನಿಂದ ಗ್ರಹಿಸಿ, ಬೆರಳಿಗೆ ಕಂಪನದ ರೂಪದಲ್ಲಿ ತಿಳಿಸುವ ಕೈಗವಸೊಂದನ್ನು ಪ್ರಾಜೆಕ್ಟ್‌ಗಾಗಿ ಮಾಡಬೇಕೆಂದಿದ್ದೇನೆ. ಪ್ರತಿಯೊಂದು ಬಣ್ಣಕ್ಕೂ ಬೇರೆ ಬೇರೆ ಕಂಪನದ ಆವೃತ್ತಿ ಕೊಟ್ಟರೆ ಸಾಕಲ್ಲವೇ?

ಉತ್ತರ: ಸಾಕಾಗುವುದಿಲ್ಲ. ಈ ಬಗೆಯ ಬಹುಪಾಲು ಮಾದರಿಗಳು ಸೋಲುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲು ಗ್ರಹಿಸುವ ಭಾಗ. ಇಂಥ ಸೆನ್ಸರ್‌ನಲ್ಲಿ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳ ಹಿಂದೆ ಬೆಳಕನ್ನು ವಿದ್ಯುತ್ತಾಗಿ ಬದಲಾಯಿಸುವ ಫೋಟೋಡಯೋಡ್‌ಗಳಿರುತ್ತವೆ. ಪಕ್ಕದ ಬಿಳಿ ಎಲ್‌ಇಡಿ ವಸ್ತುವಿನ ಮೇಲೆ ಬೆಳಕು ಚೆಲ್ಲುತ್ತದೆ. ಮರಳಿ ಬಂದ ಬೆಳಕಿನಲ್ಲಿ ಮೂರರ ಪಾಲು ಎಷ್ಟೆಷ್ಟು ಎಂಬುದನ್ನು ಸೆನ್ಸರ್ ಅಂಕಿಗಳಲ್ಲಿ ಕೊಡುತ್ತದೆ. ಹೊರಗಿನ ಬೆಳಕು ನುಸುಳಿದರೆ ಆ ಅಂಕಿಗಳೆಲ್ಲ ಕೆಡುತ್ತವೆ. ಆದ್ದರಿಂದ ಸೆನ್ಸರ್ ಸುತ್ತ ಕಪ್ಪು ರಬ್ಬರಿನ ಅಂಚು ಕಟ್ಟಿ, ವಸ್ತುವಿಗೆ ಸಂಪೂರ್ಣ ಅಂಟಿಕೊಳ್ಳುವ ಹಾಗೆ ಮಾಡಿ. ಪ್ರತಿ ಬಾರಿ ಬಳಸುವ ಮುನ್ನ ಬಿಳಿ ಕಾಗದವೊಂದರ ಮೇಲೆ ಇಟ್ಟು ಅಳತೆ ಸರಿಪಡಿಸಿಕೊಳ್ಳುವ ವ್ಯವಸ್ಥೆಯೂ ಇರಲಿ. ನೇರವಾಗಿ ಕೆಂಪು, ಹಸಿರು, ನೀಲಿ ಅಂಕಿಗಳಿಂದ ಹೆಸರು ಹುಡುಕುವ ಬದಲು ಅವನ್ನು ವರ್ಣ, ಗಾಢತೆ ಮತ್ತು ಹೊಳಪು ಎಂಬ ಮೂರು ಅಳತೆಗಳಿಗೆ ಬದಲಾಯಿಸಿಕೊಳ್ಳಿ. ಮನುಷ್ಯರು ಬಣ್ಣದ ಬಗ್ಗೆ ಮಾತನಾಡುವುದು ಈ ಅಳತೆಗಳಲ್ಲಿಯೇ: ತಿಳಿ ನೀಲಿ, ಕಡು ಹಸಿರು, ಮಾಸಿದ ಹಳದಿ.

ನಿಮಗೆ ಅತಿ ಹೆಚ್ಚು ತೊಂದರೆ ಕೊಡುವ ಜೋಡಿ ಕಪ್ಪು ಮತ್ತು ಕಡುನೀಲಿ. ಎರಡೂ ಬೆಳಕನ್ನು ಬಹುತೇಕ ಹೀರಿಕೊಳ್ಳುತ್ತವೆ. ಮರಳಿ ಬರುವ ಅಲ್ಪಸ್ವಲ್ಪ ಬೆಳಕಿನಲ್ಲಿ ನೀಲಿಯ ಪಾಲು ಎಷ್ಟೆಂಬುದು ಸೆನ್ಸರ್‌ನ ಸ್ವಂತ ಗದ್ದಲದಲ್ಲಿ, ಅಂದರೆ ತಾನಾಗಿಯೇ ಆಗುವ ಅಂಕಿಗಳ ಏರುಪೇರಿನಲ್ಲಿ ಮುಳುಗಿಹೋಗುತ್ತದೆ. ಕಪ್ಪು ಪ್ಯಾಂಟಿನ ಜೊತೆ ಕಡುನೀಲಿ ಕೋಟು ಧರಿಸಿದ್ದೇನೆಯೇ ಎಂಬುದು ಬಳಕೆದಾರರು ನಿಜಕ್ಕೂ ಕೇಳುವ ಪ್ರಶ್ನೆಯಾದ್ದರಿಂದ, ನಿಮ್ಮ ಉಪಕರಣವನ್ನು ಮೊದಲು ಪರೀಕ್ಷಿಸಬೇಕಾದದ್ದು ಈ ಜೋಡಿಯ ಮೇಲೆ. ಪ್ರದರ್ಶನದ ಮೇಜಿನ ಮೇಲೆ ಅಪ್ಪಟ ಕೆಂಪು, ಹಸಿರು ಕಾಗದಗಳನ್ನು ಗುರುತಿಸಿ ತೋರಿಸುವುದು ಸುಲಭ. ಅದರಿಂದ ಹೆಚ್ಚೇನೂ ಸಾಬೀತಾಗುವುದಿಲ್ಲ.

ಈಗ ಚರ್ಮದ ಭಾಗ. ಚರ್ಮ ಸುಮಾರು 1,000 ಹರ್ಟ್ಜ್‌ವರೆಗಿನ, ಅಂದರೆ ಸೆಕೆಂಡಿಗೆ ಸಾವಿರ ಬಾರಿಯವರೆಗಿನ ಕಂಪನವನ್ನು ಗ್ರಹಿಸುತ್ತದೆ. 250 ಹರ್ಟ್ಜ್ ಆಸುಪಾಸಿನಲ್ಲಿ ಅದು ಅತ್ಯಂತ ಚುರುಕು. ಆದರೆ ಒಂದು ಆವೃತ್ತಿಯನ್ನು ಇನ್ನೊಂದರಿಂದ ಬೇರ್ಪಡಿಸುವುದರಲ್ಲಿ ಅದು ಕಿವಿಗೆ ಸಮವಲ್ಲ. ಕಿವಿ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ವ್ಯತ್ಯಾಸವನ್ನೂ ಹಿಡಿಯಬಲ್ಲದು. ಚರ್ಮಕ್ಕೆ ಸುಮಾರು ಐದನೇ ಒಂದು ಪಾಲಿನಷ್ಟು ವ್ಯತ್ಯಾಸವಾದರೂ ಬೇಕು. ಸಾಲದ್ದಕ್ಕೆ, ಕಂಪನದ ಬಲ ಹೆಚ್ಚಾದಾಗ ಅದರ ಆವೃತ್ತಿಯೇ ಬದಲಾದಂತೆ ಭಾಸವಾಗುತ್ತದೆ. ಮೊಬೈಲ್‌ಗಳಲ್ಲಿ ಬಳಸುತ್ತಿದ್ದ ಅಗ್ಗದ ತಿರುಗು ಮೋಟರ್‌ಗಳಲ್ಲಂತೂ ಬಲ ಮತ್ತು ಆವೃತ್ತಿ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುದರಿಂದ, ಅವೆರಡನ್ನು ಬೇರೆ ಬೇರೆ ಮಾಹಿತಿಗೆ ಬಳಸಲು ಬರುವುದೇ ಇಲ್ಲ. ಒಂದೇ ಗುಣವನ್ನು ಏರಿಳಿಸಿ ಹೋಲಿಕೆಗೆ ಬೇರೇನೂ ಕೊಡದಿದ್ದರೆ, ಮನುಷ್ಯರು ತಪ್ಪಿಲ್ಲದೆ ಗುರುತಿಸಬಲ್ಲದ್ದು ಐದರಿಂದ ಏಳು ಮಟ್ಟಗಳನ್ನು ಮಾತ್ರ. ನಿಮ್ಮ ಸೆನ್ಸರ್ ಪ್ರತಿ ಬಣ್ಣಕ್ಕೆ 256 ಮಟ್ಟಗಳಂತೆ ಒಟ್ಟು 1 ಕೋಟಿ 67 ಲಕ್ಷಕ್ಕೂ ಹೆಚ್ಚು ಸಂಯೋಜನೆಗಳನ್ನು ಕೊಡಬಲ್ಲದು. ಎರಡರ ನಡುವಿನ ಈ ಅಂತರವನ್ನು ಮುಚ್ಚುವ ಜಾಣ್ಮೆಯೇ ನಿಮ್ಮ ಪ್ರಾಜೆಕ್ಟ್‌ನ ತಿರುಳು.

ಹೀಗೆ ಮಾಡಿ ನೋಡಿ: ಯಾವ ಬಣ್ಣ ಎಂಬುದನ್ನು ಕಂಪನದ ಜಾಗದಿಂದ ಸೂಚಿಸಿ; ಉದಾಹರಣೆಗೆ ಒಂದೊಂದು ಬೆರಳಿಗೆ ಒಂದೊಂದು ಮೂಲ ವರ್ಣ, ಎರಡು ಬೆರಳು ಒಟ್ಟಿಗೆ ಕಂಪಿಸಿದರೆ ಅವುಗಳ ಮಿಶ್ರಣ. ತಿಳಿಯೋ ಗಾಢವೋ ಎಂಬುದನ್ನು ಮಿಡಿತದ ಲಯಕ್ಕೆ ಬಿಡಿ. ಜಾಗ ಮತ್ತು ಲಯ ಎರಡನ್ನೂ ಚರ್ಮ ಚೆನ್ನಾಗಿ ಬಿಡಿಸುತ್ತದೆ. ಸತತ ಕಂಪನಕ್ಕೆ ಚರ್ಮ ಬೇಗ ಒಗ್ಗಿಹೋಗಿ ಜಡವಾಗುವುದರಿಂದ ಸಂಕೇತವನ್ನು ಒಂದೆರಡು ಸೆಕೆಂಡುಗಳಲ್ಲಿ ಮುಗಿಸಿ. ಮತ್ತೆ ಬೇಕೆಂದಾಗ ಗುಂಡಿ ಒತ್ತಿ ಪಡೆಯುವಂತಿರಲಿ. ಕೆಲವರು ಶಾಖವನ್ನೂ ಬಳಸಿ ನೋಡಿದ್ದಾರೆ. ಬೆಚ್ಚಗಿನ ಬಣ್ಣ, ತಂಪು ಬಣ್ಣ ಎಂಬ ವಾಡಿಕೆಗೆ ಅದು ಸೊಗಸಾಗಿ ಹೊಂದುತ್ತದೆ. ಆದರೆ ಚರ್ಮ ಶಾಖದ ಬದಲಾವಣೆಯನ್ನು ನಿಧಾನವಾಗಿ ಗ್ರಹಿಸುತ್ತದೆ, ಅದು ಎಲ್ಲಿ ತಗುಲಿತು ಎಂಬುದನ್ನು ಅಷ್ಟು ಖಚಿತವಾಗಿ ಹೇಳುವುದಿಲ್ಲ. ಬಿಸಿಯ ಮೇಲ್ಮಿತಿ ನೋವಿನ ಗಡಿಗೆ ಹತ್ತಿರವಾದ್ದರಿಂದ ಸುರಕ್ಷತೆಯ ಪ್ರಶ್ನೆಯೂ ಇದೆ. ಮೊದಲ ಪ್ರಯತ್ನದಲ್ಲಿ ಅದರ ಗೋಜಿಗೆ ಹೋಗದಿರುವುದು ಒಳ್ಳೆಯದು.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಕೈಗವಸು ಎಂಬ ಆಯ್ಕೆಯನ್ನು ಮರುಪರಿಶೀಲಿಸಿ. ಬೆರಳ ತುದಿಗಳೇ ಕಣ್ಣಾಗಿರುವವರ ಬೆರಳನ್ನು ಮುಚ್ಚಿಬಿಟ್ಟರೆ ಬಟ್ಟೆಯ ನೇಯ್ಗೆ, ಅಂಚು, ಬ್ರೈಲ್ ಎಲ್ಲವೂ ಅವರಿಗೆ ದೂರವಾಗುತ್ತವೆ. ಸೆನ್ಸರ್ ಕೈಯಲ್ಲಿ ಹಿಡಿಯುವ ಕಡ್ಡಿಯಲ್ಲಿರಲಿ, ಕಂಪನ ಬೆರಳುಗಳ ಬದಲು ಮಣಿಕಟ್ಟಿನ ಪಟ್ಟಿಯ ಬೇರೆ ಬೇರೆ ಜಾಗಗಳಲ್ಲಿರಲಿ. ವಿನ್ಯಾಸದ ಮೊದಲ ಚಿತ್ರ ಬರೆಯುವ ಮುನ್ನವೇ ಬಳಸಲಿರುವವರೊಡನೆ ಕುಳಿತು ಮಾತನಾಡಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ನಿಮ್ಮ ಸಹಪಾಠಿ ಅವರಿಗೆ ಬದಲಿಯಾಗಲಾರರು.

ಪ್ರಶ್ನೆ: ಕಣ್ಣಿಗೆ ಬಟ್ಟೆ ಕಟ್ಟಿದ ಮಕ್ಕಳು ಬರೀ ಬೆರಳಾಡಿಸಿ ಬಣ್ಣ ಹೇಳುವ ವಿಡಿಯೋಗಳನ್ನು ನೋಡಿದ್ದೇನೆ. ತರಬೇತಿ ಕೊಟ್ಟರೆ ಅಂಧ ಮಕ್ಕಳಿಗೂ ಇದು ಸಾಧ್ಯವೇ?

ಉತ್ತರ: ಸಾಧ್ಯವಿಲ್ಲ. ಈ ಹೇಳಿಕೆ ಹಳೆಯದು. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ರೋಸಾ ಕುಲೆಶೋವಾ ಎಂಬ ಮಹಿಳೆ ಬೆರಳಿನಿಂದ ಬಣ್ಣ, ಅಕ್ಷರಗಳನ್ನು ಓದುತ್ತಾರೆಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. 1966ರಲ್ಲಿ ಅಮೆರಿಕದ ಲೇಖಕ ಮಾರ್ಟಿನ್ ಗಾರ್ಡ್ನರ್, ಇಂಥ ಪ್ರದರ್ಶನಗಳಲ್ಲಿ ಕಣ್ಣುಪಟ್ಟಿ ಮತ್ತು ಮೂಗಿನ ನಡುವಿನ ಸಂದಿಯಿಂದ ಕೆಳಕ್ಕೆ ಇಣುಕುವುದು ಎಷ್ಟು ಸುಲಭ ಎಂಬುದನ್ನು ವಿವರಿಸಿ ಬರೆದರು. ಪರೀಕ್ಷೆ ಸರಳ: ಕಣ್ಣುಪಟ್ಟಿಯ ಬದಲು ಕತ್ತಿನ ಸುತ್ತ ಅಗಲವಾದ ರಟ್ಟು ಕಟ್ಟಿ, ಕೈಗಳು ಅದರ ಕೆಳಗಿರುವಂತೆ ಮಾಡಿದರೆ ಆ ಸಂದಿ ನಿರುಪಯೋಗಿಯಾಗುತ್ತದೆ. ಬಿಸಿಲಿನಲ್ಲಿಟ್ಟ ಕಪ್ಪು ಬಟ್ಟೆ ಬಿಳಿ ಬಟ್ಟೆಗಿಂತ ಬೆಚ್ಚಗಿರುತ್ತದೆ; ಅದನ್ನು ಕೈ ಗುರುತಿಸಬಲ್ಲದು. ಅದು ಶಾಖದ ಅರಿವು, ಕೆಂಪು ಹಸಿರನ್ನು ಬೇರ್ಪಡಿಸಲು ಅದರಿಂದಾಗದು. ಅಂಧ ಮಗುವಿನ ಹೆತ್ತವರಿಂದ ಇದಕ್ಕಾಗಿ ಹಣ ಕೇಳುವವರಿದ್ದರೆ ದೂರವಿರಿ. ಆ ಹಣ ಮತ್ತು ಸಮಯ ಬ್ರೈಲ್ ಕಲಿಕೆಗೆ ಹೋಗಲಿ.

ಪ್ರಶ್ನೆ: ಮಧುಮೇಹದಿಂದಾಗಿ ನಮ್ಮ ತಂದೆಯವರು ನಡುವಯಸ್ಸಿನ ನಂತರ ದೃಷ್ಟಿ ಕಳೆದುಕೊಂಡಿದ್ದಾರೆ. ಉಡುಪಿನ ಬಗ್ಗೆ ಅವರು ಮೊದಲಿನಿಂದಲೂ ಬಹಳ ಅಚ್ಚುಕಟ್ಟು. ಈಗ ಪ್ರತಿದಿನ ಅಂಗಿಯ ಬಣ್ಣ ಕೇಳಬೇಕಾಗಿ ಬಂದಿರುವುದು ಅವರಿಗೆ ಮುಜುಗರ ತಂದಿದೆ. ಬ್ರೈಲ್ ಅಂಟುಪಟ್ಟಿಗಳನ್ನು ತಂದುಕೊಟ್ಟೆ, ಅವು ಅವರ ಬೆರಳಿಗೆ ತಿಳಿಯುತ್ತಿಲ್ಲ. ಏನು ಮಾಡಬಹುದು?

ಉತ್ತರ: ತಂದೆಯವರ ಬೆರಳಿಗೆ ತಿಳಿಯದಿರುವುದಕ್ಕೆ ಅಭ್ಯಾಸದ ಕೊರತೆಯೊಂದೇ ಕಾರಣ ಎಂದುಕೊಳ್ಳಬೇಡಿ. ಬ್ರೈಲ್ ಅಕ್ಷರದೊಳಗಿನ ಎರಡು ಚುಕ್ಕಿಗಳ ನಡುವಿನ ಅಂತರ ಸುಮಾರು ಎರಡೂವರೆ ಮಿಲಿಮೀಟರ್. ಆರೋಗ್ಯವಂತ ಬೆರಳ ತುದಿ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ಗ್ರಹಿಸುವ ಮಿತಿಯೂ ಹೆಚ್ಚು ಕಡಿಮೆ ಅಷ್ಟೇ. ಮಧುಮೇಹ ಕಣ್ಣಿನ ಅಕ್ಷಿಪಟಲಕ್ಕೆ ಹಾನಿ ಮಾಡುವಂತೆ ಕೈಕಾಲಿನ ನರಗಳಿಗೂ ಹಾನಿ ಮಾಡಬಲ್ಲದು. ದೃಷ್ಟಿ ಹೋದದ್ದಕ್ಕೆ ಕಾರಣವಾದ ಕಾಯಿಲೆಯೇ ಸ್ಪರ್ಶವನ್ನೂ ಮಂಕುಗೊಳಿಸಿರುವ ಸಾಧ್ಯತೆ ಇದೆ. ಈ ಬಗ್ಗೆ ವೈದ್ಯರೊಡನೆ ಒಮ್ಮೆ ಮಾತನಾಡಿ. ಸ್ಪರ್ಶ ಸಾಧನಗಳನ್ನು ರೂಪಿಸುವವರು ಮರೆತೇಬಿಡುವ ಬಳಕೆದಾರರು ಇವರು.

ಅವರಿಗೆ ದೊಡ್ಡದಾದ, ಗಟ್ಟಿ ಅಂಚಿನ ಗುರುತುಗಳು ಬೇಕು. ಕಾಲರಿನ ಒಳಗೆ ಅಥವಾ ಸೊಂಟಪಟ್ಟಿಯ ಒಳಮಗ್ಗುಲಲ್ಲಿ ಬೇರೆ ಬೇರೆ ಆಕಾರದ ಚಪ್ಪಟೆ ಗುಂಡಿಗಳನ್ನು ಹೊಲಿಯಿರಿ: ಬಿಳಿಗೆ ದುಂಡು, ನೀಲಿಗೆ ಚೌಕ, ಕಂದು ಛಾಯೆಗಳಿಗೆ ಉದ್ದನೆಯದು. ದಪ್ಪ ದಾರದ ಗಂಟುಗಳೂ ಆಗುತ್ತವೆ; ಒಗೆದರೂ ಇಸ್ತ್ರಿ ಮಾಡಿದರೂ ಅವು ಉಳಿಯುತ್ತವೆ. ಅಂಟುಪಟ್ಟಿಗಳು ಕೆಲವು ಒಗೆತದಲ್ಲೇ ಕಿತ್ತುಬರುತ್ತವೆ. ಹತ್ತಾರು ಬಣ್ಣಗಳಿಗೆ ಹತ್ತಾರು ಗುರುತು ಮಾಡಲು ಹೋಗಬೇಡಿ. ಅವರಿಗೆ ಬೇಕಾದ ಉತ್ತರ ಹೆಚ್ಚಾಗಿ ಯಾವ ಬಣ್ಣ ಎಂಬುದಲ್ಲ, ಯಾವ ಅಂಗಿಗೆ ಯಾವ ಪ್ಯಾಂಟು ಹೊಂದುತ್ತದೆ ಎಂಬುದು. ಹೊಂದುವ ಉಡುಪುಗಳಿಗೆಲ್ಲ ಒಂದೇ ಗುರುತು ಹಾಕಿದರೆ ಅರ್ಧ ಕೆಲಸ ಮುಗಿಯಿತು. ಯಾವ ಗುರುತು ಯಾವುದಕ್ಕೆ ಎಂಬುದನ್ನು ಅವರೇ ತೀರ್ಮಾನಿಸಲಿ. ನೀವು ತೀರ್ಮಾನಿಸಿ ಬಾಯಿಪಾಠ ಮಾಡಿಸಿದ ಪಟ್ಟಿ ನಿಲ್ಲುವುದಿಲ್ಲ.

ಹೊಸ ಬಟ್ಟೆಗಳಿಗಾಗಿ ಮಾತನಾಡುವ ಬಣ್ಣ ಗುರುತಿಸುವ ಸಾಧನವೊಂದನ್ನು ಇಟ್ಟುಕೊಳ್ಳಬಹುದು. ಅದನ್ನು ಬಟ್ಟೆಯ ಮಡಿಕೆಯ ಮೇಲೆ, ಹೊಲಿಗೆಯ ಮೇಲೆ ಇಡಬಾರದು. ಬಟ್ಟೆ ತೆಳುವಾಗಿದ್ದರೆ ನಾಲ್ಕು ಪದರಗಳಾಗಿ ಮಡಚಿ ಸಮತಟ್ಟಾಗಿ ಹಾಸಿ, ಮೂರು ಬೇರೆ ಜಾಗಗಳಲ್ಲಿ ಇಟ್ಟು ಕೇಳಬೇಕು. ಇಲ್ಲದಿದ್ದರೆ ಕೆಳಗಿನ ಮೇಜಿನ ಬಣ್ಣವೂ ಉತ್ತರದಲ್ಲಿ ಸೇರಿಕೊಳ್ಳುತ್ತದೆ. ಮೂರು ಕಡೆ ಮೂರು ಉತ್ತರ ಬಂದರೆ ಅದು ಚೌಕುಳಿಯದೋ ಹೂವಿನದೋ ಆಗಿರುತ್ತದೆ. ಹೊಳೆಯುವ ಬಟ್ಟೆ ಮತ್ತು ಮಖಮಲ್ಲಿನ ವಿಷಯದಲ್ಲಿ ಸಾಧನದ ಮಾತನ್ನು ಪೂರ್ತಿ ನಂಬುವಂತಿಲ್ಲ.

ತಂದೆಯವರಿಗೆ ಒಂದು ಅನುಕೂಲವಿದೆ. ಅವರ ನೆನಪಿನಲ್ಲಿ ಬಣ್ಣಗಳು ಇವೆ. ಇಟ್ಟಿಗೆಗೆಂಪು, ಎಲೆಹಸಿರು ಎಂಬ ಮಾತು ಅವರಿಗೆ ಚಿತ್ರವನ್ನೇ ಕೊಡುತ್ತದೆ. ಆದ್ದರಿಂದ ಮನೆಯವರು ಬಣ್ಣ ಹೇಳುವಾಗ ಬರೀ ಕೆಂಪು, ಹಸಿರು ಎಂದು ಮುಗಿಸದೆ ಛಾಯೆಯನ್ನೂ ಹೇಳಿ. ಅಲ್ಪಸ್ವಲ್ಪ ದೃಷ್ಟಿ ಉಳಿದಿದ್ದರೆ ಗುಂಡಿಗಳನ್ನು ಬಟ್ಟೆಗೆ ಎದ್ದು ಕಾಣುವ ಬಣ್ಣದಲ್ಲೇ ಆರಿಸಿ.

ಪ್ರಶ್ನೆ: ಮೊಬೈಲ್ ಕ್ಯಾಮೆರಾ ತೋರಿಸಿದರೆ ಬಣ್ಣವನ್ನು ಅದೇ ಹೇಳಿಬಿಡುತ್ತದೆ. ಇನ್ನೂ ಸ್ಪರ್ಶದ ಸಂಕೇತಗಳ ಹಿಂದೆ ಬೀಳುವುದೇಕೆ?

ಉತ್ತರ: ಮೊಬೈಲ್ ಆ್ಯಪ್‌ಗಳು ದೊಡ್ಡ ಉಪಕಾರ ಮಾಡಿವೆ. ಮೈಕ್ರೋಸಾಫ್ಟ್ 2017ರಲ್ಲಿ ಬಿಡುಗಡೆ ಮಾಡಿದ ಸೀಯಿಂಗ್ ಎಐ ಬಣ್ಣವನ್ನೂ ಹೇಳುತ್ತದೆ. ಆದರೆ ಕ್ಯಾಮೆರಾ ಕೋಣೆಯ ಬೆಳಕನ್ನು ಅವಲಂಬಿಸಿದೆ. ಹಳದಿ ದೀಪದ ಕೆಳಗೆ ಬಿಳಿ ಅಂಗಿ ಕೆನೆಬಣ್ಣದ್ದಾಗಬಹುದು. ಕಣ್ಣಿಲ್ಲದವರು ಕೋಣೆಯ ದೀಪ ಹಾಕಲು ಮರೆತಿರುವುದೂ ಉಂಟು. ಮುಖ್ಯವಾದ ಕಾರಣ ಬೇರೆ. ಕಣ್ಣಿನ ಜೊತೆ ಕಿವಿಯೂ ಕೇಳಿಸದವರಿಗೆ ಮಾತನಾಡುವ ಸಾಧನದಿಂದ ಏನು ಪ್ರಯೋಜನ? ಕಿವಿ ಕೇಳಿಸುವವರಿಗೂ ರಸ್ತೆ ದಾಟುವಾಗ, ಜನರೊಡನೆ ಮಾತನಾಡುವಾಗ ಅದು ಬಿಡುವಿಲ್ಲದ ಇಂದ್ರಿಯ. ಸಭೆಯ ನಡುವೆ ಮೊಬೈಲ್ ಗಟ್ಟಿಯಾಗಿ ಬಣ್ಣಗಳ ಹೆಸರು ಕೂಗುವುದು ಯಾರಿಗೂ ಹಿತವಲ್ಲ. ಕಾಲರಿನ ಒಳಗಿನ ಗುಂಡಿಗೆ ಬ್ಯಾಟರಿಯೂ ಬೇಡ.

ಪ್ರಶ್ನೆ: ನಾನು ಶಿಕ್ಷಕಿ. ನನ್ನ ತರಗತಿಯಲ್ಲಿ ಹುಟ್ಟಿನಿಂದ ದೃಷ್ಟಿ ಇಲ್ಲದ ಆರು ವರ್ಷದ ಹುಡುಗಿ ಇದ್ದಾಳೆ. ಉಳಿದ ಮಕ್ಕಳು ಬಣ್ಣ ಹಚ್ಚುವಾಗ ಅವಳೂ ಹಚ್ಚಬೇಕೆನ್ನುವುದರಿಂದ ಅವಳಿಗೂ ಬಣ್ಣದ ಕಡ್ಡಿ ಕೊಡುತ್ತೇನೆ. ಕೆಂಪಿಗೆ ಮರಳುಕಾಗದ, ನೀಲಿಗೆ ರೇಷ್ಮೆ ಬಟ್ಟೆ, ಹಸಿರಿಗೆ ಹುಲ್ಲು ಮುಟ್ಟಿಸಿ ಬಣ್ಣ ಕಲಿಸುತ್ತಿದ್ದೇನೆ. ಇದು ಸರಿಯೇ?

ಉತ್ತರ: ಅವಳ ಕೈಗೆ ಬಣ್ಣದ ಕಡ್ಡಿ ಕೊಟ್ಟಿದ್ದೀರಿ, ಅದು ಸರಿ. ಅವಳನ್ನು ಆ ಹೊತ್ತಿನಲ್ಲಿ ಬೇರೆ ಕೆಲಸಕ್ಕೆ ಕೂರಿಸುವುದು ತಪ್ಪಾಗುತ್ತಿತ್ತು. ಮರಳುಕಾಗದದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಕೆಂಪು ಎಂದರೆ ಒರಟು ಎಂದು ಕಲಿತ ಮಗು, ನುಣುಪಾದ ಕೆಂಪು ರಿಬ್ಬನ್ ಕೈಗೆ ಬಂದಾಗ ಅದು ಕೆಂಪಲ್ಲ ಎಂದು ವಾದಿಸುತ್ತದೆ. ಅದರ ತರ್ಕದಲ್ಲಿ ತಪ್ಪಿಲ್ಲ, ನಾವು ಕೊಟ್ಟ ಪಾಠದಲ್ಲಿ ತಪ್ಪಿದೆ. ಬಣ್ಣ ಒರಟು, ನುಣುಪಿನಂಥ ಗುಣವಲ್ಲ, ಅದನ್ನು ಕೈಯಿಂದ ಮುಟ್ಟಿ ತಿಳಿಯಲಾಗದು, ಕಣ್ಣಿಗೆ ಕಾಣುವವರು ಅದನ್ನು ದೂರದಿಂದಲೇ ತಿಳಿಯುತ್ತಾರೆ ಎಂಬುದನ್ನು ಮಗುವಿಗೆ ನೇರವಾಗಿ ಹೇಳಬಹುದು. ಆರು ವರ್ಷದ ಮಗುವಿಗೆ ಅದು ಅರ್ಥವಾಗುತ್ತದೆ.

ಹಾಗಾಗಿ ಒರಟು, ನುಣುಪುಗಳ ಬದಲು ಅಕ್ಷರದಂಥ ಗುರುತು ಬಳಸಿ. ಕ್ರೇಯಾನ್ ಕಡ್ಡಿಯ ಹಿಂತುದಿಯ ಬಳಿ ಚಾಕುವಿನಿಂದ ಒಂದು, ಎರಡು, ಮೂರು ಕಚ್ಚುಗಳನ್ನು ಕೊರೆಯಿರಿ. ಬಳಸಿ ಸವೆಯುವುದು ಮುಂತುದಿಯಾದ್ದರಿಂದ ಗುರುತು ಕೊನೆಯವರೆಗೂ ಉಳಿಯುತ್ತದೆ. ಅವಳು ಬ್ರೈಲ್ ಕಲಿಯುತ್ತಿದ್ದರೆ ಕಾಗದದ ಸುತ್ತುಪಟ್ಟಿಯ ಮೇಲೆ ಬಣ್ಣದ ಮೊದಲ ಅಕ್ಷರವನ್ನೇ ಹಾಕಿ, ಓದುವ ಅಭ್ಯಾಸವೂ ಆಗುತ್ತದೆ. ಬಣ್ಣ ಹಚ್ಚುವ ಹಾಳೆಯ ಕೆಳಗೆ ಕಿಟಕಿಗೆ ಬಡಿಯುವ ಸೊಳ್ಳೆ ಜಾಲರಿಯ ತುಂಡಿಟ್ಟರೆ ಮೇಣದ ಗೆರೆ ಉಬ್ಬಿ ನಿಲ್ಲುತ್ತದೆ. ತಾನು ಎಲ್ಲಿ ಹಚ್ಚಿದ್ದೇನೆ, ಎಲ್ಲಿ ಬಿಟ್ಟಿದ್ದೇನೆ ಎಂಬುದು ಅವಳ ಬೆರಳಿಗೇ ಸಿಗುತ್ತದೆ. ಹಳದಿಯ ಮೇಲೆ ನೀಲಿ ಹಚ್ಚಿದರೆ ಹಸಿರಾಗುತ್ತದೆ ಎಂಬುದನ್ನೂ ಕಲಿಸಿ. ಆಕಾಶ ಹಗಲು ನೀಲಿ, ಸಂಜೆ ಕೆಂಪು, ಎಲೆ ಒಣಗಿದರೆ ಕಂದು ಎಂಬ ಮಾತುಗಳನ್ನು ಅವಳೆದುರು ತಡೆಹಿಡಿಯುವ ಅಗತ್ಯವೇ ಇಲ್ಲ. ಮೊದಲ ಉತ್ತರದಲ್ಲಿ ಹೇಳಿದ ಬಣ್ಣದ ಚಕ್ರ ಅಂಧ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಮೂಡಿದ್ದು ಇಂಥ ಮಾತುಗಳನ್ನು ಕೇಳಿಕೇಳಿಯೇ.

ಪ್ರಶ್ನೆ: ಉಬ್ಬುಚಿತ್ರಗಳ ಮೂಲಕ ವರ್ಣಚಿತ್ರಗಳನ್ನು ಮುಟ್ಟಿ ನೋಡುವ ಪ್ರದರ್ಶನಗಳ ಬಗ್ಗೆ ಕೇಳಿದ್ದೇನೆ. ಅವುಗಳಲ್ಲಿ ಬಣ್ಣವೂ ತಿಳಿಯುತ್ತದೆಯೇ?

ಉತ್ತರ: ಹೆಚ್ಚಿನವುಗಳಲ್ಲಿ ಆಕಾರ ತಿಳಿಯುತ್ತದೆ, ಬಣ್ಣ ತಿಳಿಯುವುದಿಲ್ಲ. ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿರುವ ಪ್ರಾಡೊ ವಸ್ತುಸಂಗ್ರಹಾಲಯ 2015ರಲ್ಲಿ ಆರು ಚಿತ್ರಗಳ ಉಬ್ಬು ಪ್ರತಿಗಳನ್ನು ಮುಟ್ಟಲೆಂದೇ ಇಟ್ಟಿತ್ತು. ಆ ಪ್ರತಿಗಳಲ್ಲಿ ಮೂಲದ ಬಣ್ಣಗಳನ್ನು ಉಳಿಸಿಕೊಂಡಿದ್ದರು. ಅಲ್ಪದೃಷ್ಟಿ ಉಳ್ಳವರಿಗೆ ಅದರಿಂದ ಪ್ರಯೋಜನವಿತ್ತು. ಪೂರ್ಣ ಅಂಧರಿಗೆ ಬಣ್ಣ ತಲುಪುವುದು ಧ್ವನಿ ವಿವರಣೆಯಿಂದ ಅಥವಾ ಮೇಲ್ಮೈಯಲ್ಲಿ ಅಳವಡಿಸಿದ ಗೆರೆ ಚುಕ್ಕಿಗಳ ವಿನ್ಯಾಸದಿಂದ. ಇತ್ತೀಚಿನ ಉಬ್ಬುಸೂಜಿ ಫಲಕಗಳಲ್ಲೂ ಇದೇ ಮಿತಿ ಇದೆ. ಡಾಟ್ ಪ್ಯಾಡ್ ಎಂಬ ಕೊರಿಯಾದ ಸಾಧನದ ಚಿತ್ರ ಭಾಗದಲ್ಲಿ 2,400, ಅಂಥದೇ ಇನ್ನೊಂದು ಸಾಧನವಾದ ಮೊನಾರ್ಕ್‌ನಲ್ಲಿ 3,840 ಸೂಜಿಗಳಿವೆ. ಒಂದೊಂದು ಸೂಜಿ ಮೇಲೇಳುತ್ತದೆ ಅಥವಾ ಕೆಳಗಿರುತ್ತದೆ, ಅಷ್ಟೇ. ಆಕಾರದ ಗೆರೆಗೇ ಆ ಸೂಜಿಗಳು ಬೇಕಾದಾಗ ಬಣ್ಣಕ್ಕೆ ಉಳಿಯುವ ಜಾಗ ಬಹಳ ಕಡಿಮೆ. ಒಂದೇ ಚಿತ್ರದಲ್ಲಿ ಎಲ್ಲವನ್ನೂ ತುಂಬುವುದಕ್ಕಿಂತ, ಆಕಾರಕ್ಕೆ ಒಂದು ಫಲಕ, ಬಣ್ಣಗಳ ಹಂಚಿಕೆಗೆ ಇನ್ನೊಂದು ಫಲಕ ಎಂದು ಬೇರ್ಪಡಿಸಿದ ಪ್ರದರ್ಶನವೇ ಕೈಗೆ ಸ್ಪಷ್ಟ.

ಪ್ರಶ್ನೆ: ಬ್ರೈಲ್ ಇರುವಂತೆ ಬಣ್ಣಕ್ಕೂ ಜಗತ್ತಿನಾದ್ಯಂತ ಒಂದೇ ಸ್ಪರ್ಶಲಿಪಿ ಏಕಿಲ್ಲ?

ಉತ್ತರ: ಪ್ರಯತ್ನಗಳಿಗೆ ಕೊರತೆಯಿಲ್ಲ. ಬಣ್ಣವನ್ನು ಗೆರೆಗಳಲ್ಲಿ ಸೂಚಿಸುವ ಯೋಚನೆ ಅಂಧರಿಗಾಗಿ ಹುಟ್ಟಿದ್ದೂ ಅಲ್ಲ. 1638ರಲ್ಲಿ ಪೆಟ್ರಾ ಸಾಂಕ್ಟಾ ಎಂಬ ಇಟಲಿಯ ಪಾದ್ರಿ, ಕಪ್ಪುಬಿಳುಪಿನಲ್ಲಿ ಮುದ್ರಿಸುವ ವಂಶಲಾಂಛನಗಳಿಗೆ ಒಂದು ಪದ್ಧತಿಯನ್ನು ಬಳಸಿದರು: ಕೆಂಪಿಗೆ ಲಂಬ ಗೆರೆ, ನೀಲಿಗೆ ಅಡ್ಡ ಗೆರೆ, ಹಸಿರಿಗೆ ಓರೆ ಗೆರೆ, ಬಂಗಾರಕ್ಕೆ ಚುಕ್ಕಿ. ಅದನ್ನು ಉಬ್ಬಿಸಿದರೆ ಇಂದಿನ ಎಷ್ಟೋ ಸ್ಪರ್ಶವಿನ್ಯಾಸಗಳಿಗೆ ಅದು ತೀರಾ ಹತ್ತಿರ. ನಮ್ಮ ಕಾಲದಲ್ಲಿ ಪೋರ್ಚುಗಲ್‌ನ ವಿನ್ಯಾಸಕಾರ ಮಿಗೆಲ್ ನೈವಾ ರೂಪಿಸಿದ ಕಲರ್‌ಆ್ಯಡ್ ಎಂಬ ಸಂಕೇತವಿದೆ. ಕೆಂಪು ಮತ್ತು ನೀಲಿಗೆ ಎರಡು ತ್ರಿಕೋನಗಳು, ಹಳದಿಗೆ ಒಂದು ಓರೆಗೆರೆ. ಹಳದಿ ಮತ್ತು ನೀಲಿಯ ಗುರುತುಗಳನ್ನು ಸೇರಿಸಿದರೆ ಹಸಿರು. ಅದು ಮೂಲತಃ ಬಣ್ಣಗುರುಡಿರುವವರ ಕಣ್ಣಿಗಾಗಿ ಮಾಡಿದ್ದು. ಸ್ಪರ್ಶಕ್ಕೆಂದೇ ರೂಪಿಸಿದ ಫೀಲಿಪಾ ಎಂಬ ಸಂಕೇತವೂ ಪೋರ್ಚುಗಲ್‌ನದೇ. ಅದು ಮೂಲ ಬಣ್ಣಗಳಿಗೆ ಸರಳ ಜ್ಯಾಮಿತಿಯ ಆಕೃತಿಗಳನ್ನು ಕೊಟ್ಟು, ಅವುಗಳ ಸಂಯೋಜನೆಯಿಂದ ಉಳಿದವನ್ನು ಕಟ್ಟುತ್ತದೆ.

ಒಮ್ಮತ ಮೂಡದಿರಲು ಕಾರಣಗಳು ಲೌಕಿಕವಾದವು. ಬ್ರೈಲ್ ಬಲ್ಲವರಿಗೆ ಹೊಸ ಲಿಪಿಯ ಅಗತ್ಯ ಕಾಣುವುದಿಲ್ಲ. ಬಣ್ಣದ ಹೆಸರಿನ ಒಂದೆರಡು ಅಕ್ಷರಗಳೇ ಅವರಿಗೆ ಸಾಕು. ಬ್ರೈಲ್ ಬಾರದವರಿಗೆ ಆಕೃತಿಗಳು ಅನುಕೂಲ, ಆದರೆ ಅವರು ಚದುರಿಹೋಗಿರುವುದರಿಂದ ತಯಾರಕರ ಮೇಲೆ ಒತ್ತಡ ಬೀಳುವುದಿಲ್ಲ. ಕೆಲವು ಸಂಕೇತಗಳಿಗೆ ಪರವಾನಗಿಯ ಕಟ್ಟುಪಾಡುಗಳಿವೆ. ಬ್ರೈಲ್‌ಗೂ ಇದು ಸುಲಭವಾಗಿರಲಿಲ್ಲ: ಲೂಯಿ ಬ್ರೈಲ್ ಸುಮಾರು 1824ರ ಹೊತ್ತಿಗೆ ರೂಪಿಸಿದ ಲಿಪಿಯನ್ನು ಪ್ಯಾರಿಸ್‌ನ ಅವರದೇ ಶಾಲೆ ಅಧಿಕೃತವಾಗಿ ಒಪ್ಪಿಕೊಂಡದ್ದು 1854ರಲ್ಲಿ, ಅವರು ತೀರಿಕೊಂಡ ಎರಡು ವರ್ಷಗಳ ನಂತರ. ಇಂಗ್ಲಿಷ್ ಬಳಸುವ ದೇಶಗಳ ನಡುವೆ ಬ್ರೈಲ್ ಬಗ್ಗೆ ಒಂದು ಒಪ್ಪಂದ ಆಗಲು 1932ರವರೆಗೆ ಕಾಯಬೇಕಾಯಿತು.

ಸದ್ಯಕ್ಕೆ ಯಾವುದನ್ನು ಕಲಿಯಬೇಕು ಎಂದು ಕೇಳುವವರಿಗೆ ನನ್ನ ಸಲಹೆ ಇಷ್ಟು: ನೀವು ಕೊಳ್ಳುವ ಬಟ್ಟೆ, ಪೆನ್ಸಿಲ್, ಆಟಿಕೆಗಳ ಮೇಲೆ ಈಗಾಗಲೇ ಉಬ್ಬಾಗಿ ಮುದ್ರಿತವಾಗಿ ಬರುತ್ತಿರುವ ಸಂಕೇತ ಯಾವುದಾದರೂ ಇದ್ದರೆ ಅದನ್ನೇ ಕಲಿಯಿರಿ. ಅಂಥದ್ದು ಇಲ್ಲದಿದ್ದರೆ, ಬ್ರೈಲ್ ಬಲ್ಲವರು ಬ್ರೈಲ್ ಅಕ್ಷರಗಳನ್ನೂ ಉಳಿದವರು ಮನೆಯವರೊಡನೆ ಒಪ್ಪಿಕೊಂಡ ನಾಲ್ಕೈದು ಗುರುತುಗಳನ್ನೂ ಬಳಸಿ, ಆ ಪಟ್ಟಿಯ ಒಂದು ಪ್ರತಿಯನ್ನು ಬಟ್ಟೆಯ ಕಪಾಟಿನ ಒಳಬಾಗಿಲಿಗೆ ಅಂಟಿಸಿಡಿ; ಬಟ್ಟೆ ಮಡಚಿಡುವವರು ಬದಲಾದಾಗ ಅದು ಬೇಕಾಗುತ್ತದೆ.